ದೊಡ್ಡವಳಾಗದವಳ ತಕರಾರು

ಹುಡುಗಿಯೊಬ್ಬಳು ಮೊದಲ ಸಲ ಮುಟ್ಟಾದರೆ ಕನ್ನಡದಲ್ಲಿ ಅವಳು ‘ದೊಡ್ಡವಳಾದಳು’ ಅನ್ನುತ್ತೇವೆ. ‘ಮೈನೆರೆದಳು’ ಅನ್ನುವುದೂ ಉಂಟು. ನಮ್ಮ ಹಾಸನದ ಕಡೆ ಸೋದರಮಾವ ಬಂದು ಹಸಿ ಸೊಪ್ಪಿನ ಗುಡ್ಲು ಹಾಕುತ್ತಾನೆ, ಮನೆಯಲ್ಲಿ ಚಿಗಳಿ ತಂಬಿಟ್ಟು ಮಾಡುತ್ತಾರೆ, ಮುತ್ತೈದೆಯರು ಆರತಿ ಎತ್ತುತ್ತಾರೆ. ಹಾಗಾದರೆ ಯಾವತ್ತೂ ಮುಟ್ಟಾಗದ ಹುಡುಗಿ ಏನಾದಳು? ಅವಳಿಗೆ ನಮ್ಮಲ್ಲಿ ಪದವಿಲ್ಲ. ನನಗೀಗ 36 ವರ್ಷ. ಈ ಭಾಷೆಯ ಲೆಕ್ಕದಲ್ಲಿ ನಾನಿನ್ನೂ ದೊಡ್ಡವಳಾಗಿಲ್ಲ.

ನನಗೆ ಹುಟ್ಟಿನಿಂದಲೇ ಗರ್ಭಕೋಶವಿಲ್ಲ. ಯೋನಿಯೂ ಪೂರ್ತಿ ಬೆಳೆದಿರಲಿಲ್ಲ. ಇದಕ್ಕೆ ಚಿಕಿತ್ಸೆ ಇದೆ, ನನಗೂ ಆಗಿದೆ, ಆಸ್ಪತ್ರೆಯ ಕಾಗದದ ಪ್ರಕಾರ ಅದು ಯಶಸ್ವಿ. ಯಾರ ಲೆಕ್ಕದಲ್ಲಿ ಯಶಸ್ವಿ ಎನ್ನುವುದೇ ನನ್ನ ತಕರಾರು. ನಮ್ಮಲ್ಲಿ ಈ ಚಿಕಿತ್ಸೆ ಹೆಣ್ಣನ್ನು ಮದುವೆಗೆ ತಯಾರು ಮಾಡುತ್ತದೆ; ಅವಳ ಸುಖದ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳದೆ ಫೈಲು ಮುಚ್ಚುತ್ತದೆ. ಯಾರೋ ಒಬ್ಬ ವೈದ್ಯರು ಮರೆತಿದ್ದರೆ ನಾನು ಇಷ್ಟು ಬರೆಯಬೇಕಿರಲಿಲ್ಲ. ಆಸ್ಪತ್ರೆ, ಮನೆ, ಕಾನೂನು, ಭಾಷೆ ನಾಲ್ಕೂ ಸೇರಿ ಒಪ್ಪಿಕೊಂಡು ನಡೆಸಿಕೊಂಡು ಬಂದಿರುವ ಏರ್ಪಾಡು ಇದು.

ಮೊದಲು ಹೆಸರು ಹೇಳಿಬಿಡುತ್ತೇನೆ: ಮೇಯರ್-ರೊಕಿಟಾನ್ಸ್ಕಿ-ಕೂಸ್ಟರ್-ಹೌಸರ್ ಸಿಂಡ್ರೋಮ್. ಚಿಕ್ಕದಾಗಿ ಎಂಆರ್‌ಕೆಎಚ್. 1829, 1838, 1910 ಮತ್ತು 1961ರಲ್ಲಿ ಇದರ ಬಗ್ಗೆ ಬರೆದ ನಾಲ್ವರು ಯುರೋಪಿನ ವೈದ್ಯರ ಹೆಸರುಗಳನ್ನು ಪೋಣಿಸಿದ್ದು. ಸುಮಾರು 5,000 ಹೆಣ್ಣುಮಕ್ಕಳಲ್ಲಿ ಒಬ್ಬಳು ಹೀಗೆ ಹುಟ್ಟುತ್ತಾಳೆ. 2011ರ ಜನಗಣತಿಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳ ಸಂಖ್ಯೆ 3 ಕೋಟಿಗಿಂತ ಸ್ವಲ್ಪ ಹೆಚ್ಚಿತ್ತು. ಆ ಪ್ರಮಾಣದಲ್ಲಿ ಭಾಗಿಸಿ ನೋಡಿದರೆ ಈ ಒಂದು ರಾಜ್ಯದಲ್ಲೇ ನಾವು 6,000ದಷ್ಟು ಜನ ಆಗುತ್ತೇವೆ. ಒಂದು ದೊಡ್ಡ ಊರಿನಷ್ಟು ಹೆಂಗಸರು. ಒಬ್ಬರಿಗೊಬ್ಬರು ಗೊತ್ತಿಲ್ಲದೆ ಬದುಕುತ್ತಿರುವವರು.

ಹೊಟ್ಟೆಯೊಳಗಿನ ಮಗು ರೂಪುಗೊಳ್ಳುವಾಗ ಮುಲ್ಲೇರಿಯನ್ ನಾಳಗಳು ಎಂಬ ಜೋಡಿ ಕೊಳವೆಗಳಿಂದ ಗರ್ಭಕೋಶವೂ ಯೋನಿಯ ಮೇಲಿನ ಭಾಗವೂ ಬೆಳೆಯುತ್ತವೆ. ನಮ್ಮಲ್ಲಿ ಆ ಬೆಳವಣಿಗೆ ನಡೆಯುವುದಿಲ್ಲ, ಅಥವಾ ಅರ್ಧಕ್ಕೆ ನಿಲ್ಲುತ್ತದೆ. ಅಂಡಾಶಯಗಳು ಮಾಮೂಲಾಗಿ ಕೆಲಸ ಮಾಡುತ್ತವೆ. ಆದ್ದರಿಂದ ಹಾರ್ಮೋನುಗಳು ಸರಿಯಾಗಿರುತ್ತವೆ, ಎದೆ ಬೆಳೆಯುತ್ತದೆ, ವಯಸ್ಸಿಗೆ ಬಂದ ಎಲ್ಲ ಲಕ್ಷಣಗಳೂ ಕಾಣುತ್ತವೆ. ವರ್ಣತಂತುಗಳು ಎಲ್ಲ ಹೆಂಗಸರಲ್ಲಿ ಇರುವಂಥವೇ. ಹೊರಗಿನಿಂದ ನೋಡಿದರೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ಕೆಲವರಿಗೆ ಮೂತ್ರಪಿಂಡದಲ್ಲೋ ಬೆನ್ನುಮೂಳೆಯಲ್ಲೋ ತೊಂದರೆ ಇರುವುದರಿಂದ ಅವನ್ನೂ ಪರೀಕ್ಷೆ ಮಾಡಿಸಬೇಕು. ಬಹಳಷ್ಟು ಜನರಿಗೆ ಇದು ಗೊತ್ತಾಗುವುದು 15-16 ವರ್ಷವಾದರೂ ಮುಟ್ಟಾಗಲಿಲ್ಲ ಎಂದು ಸ್ಕ್ಯಾನಿಂಗ್ ಮಾಡಿಸಿದಾಗ.

ಇಷ್ಟು ವಿವರ ನನಗೆ ಆಸ್ಪತ್ರೆಯಲ್ಲಿ ಸಿಕ್ಕಿತು. ಸಿಗದೇ ಹೋದ ಒಂದು ವಿವರವಿದೆ, ಅದನ್ನು ಇಲ್ಲಿ ಬರೆಯುತ್ತೇನೆ. ಕ್ಲಿಟೋರಿಸ್, ಪುಸ್ತಕದ ಕನ್ನಡದಲ್ಲಿ ಭಗಾಂಕುರ, ಈ ನಾಳಗಳಿಂದ ಹುಟ್ಟುವುದಲ್ಲ. ಅದು ಬೇರೆಯದೇ ಅಂಗಾಂಶದಿಂದ ರೂಪುಗೊಳ್ಳುತ್ತದೆ. ಆದ್ದರಿಂದ ಎಂಆರ್‌ಕೆಎಚ್ ಇರುವ ಹೆಣ್ಣಿನಲ್ಲಿ ಅದು ಪೂರ್ತಿ, ನರಗಳ ಸಮೇತ, ಎಲ್ಲರಿಗೂ ಇರುವಂತೆಯೇ ಇರುತ್ತದೆ. ಆಸೆ ಹುಟ್ಟುತ್ತದೆ, ಮೈ ಸ್ಪಂದಿಸುತ್ತದೆ, ಸುಖದ ತುದಿ ಮುಟ್ಟುವುದು ಸಾಧ್ಯವಿದೆ. ಚಿಕಿತ್ಸೆಗೆ ಮುಂಚೆಯೂ ಸಾಧ್ಯ, ಚಿಕಿತ್ಸೆಯೇ ಇಲ್ಲದೆಯೂ ಸಾಧ್ಯ. ಈ ನಾಲ್ಕು ವಾಕ್ಯ ಹೇಳಲು ಅರ್ಧ ನಿಮಿಷ ಸಾಕು. ನನಗೆ ಇವನ್ನು ಯಾರೂ ಹೇಳದೆ ಹನ್ನೆರಡು ವರ್ಷ ಕಳೆದವು. 17ರ ಹುಡುಗಿಯೊಬ್ಬಳಿಗೆ ‘ನಿನ್ನಲ್ಲಿ ಇದು ಇಲ್ಲ, ಅದು ಇಲ್ಲ’ ಎಂದು ಪಟ್ಟಿ ಓದಿದವರಿಗೆ ‘ಇದು ಇದೆ’ ಅನ್ನುವುದು ಯಾಕೆ ತೋಚಲಿಲ್ಲ? ಅವರು ನೋಡುತ್ತಿದ್ದ ಹೆಣ್ಣಿನಲ್ಲಿ ಅದರ ಉಪಯೋಗ ಯಾರಿಗೂ ಇರಲಿಲ್ಲ, ನನ್ನೊಬ್ಬಳಿಗೆ ಬಿಟ್ಟು.

ಆವತ್ತು ಡಾಕ್ಟರು ಮಾತಾಡಿದ್ದು ಅಮ್ಮನ ಜೊತೆ. ನಾನು ಪಕ್ಕದ ಸ್ಟೂಲಿನ ಮೇಲಿದ್ದೆ. “ನೋಡಿ ಅಮ್ಮ, ಈಗಲೇ ಏನೂ ಅವಸರ ಇಲ್ಲ. ಮದುವೆ ಗೊತ್ತಾದ ಮೇಲೆ ಕರ್ಕೊಂಡು ಬನ್ನಿ. ಮೂರ್ನಾಲ್ಕು ತಿಂಗಳು ಮುಂಚೆ ಆಪರೇಷನ್ ಮಾಡಿದ್ರೆ ಆಯ್ತು. ಗಂಡನ ಜೊತೆ ಸಂಸಾರಕ್ಕೆ ಏನೂ ತೊಂದರೆ ಆಗಲ್ಲ.” ಒಳ್ಳೆಯ ಮನುಷ್ಯರೇ. ಅಮ್ಮನಿಗೆ ಧೈರ್ಯ ತುಂಬಬೇಕು ಅಂತಲೇ ಹೇಳಿದ್ದು. ಅಮ್ಮನೂ ಆ ಮಾತನ್ನು ಹಿಡಿದುಕೊಂಡೇ ಬಸ್ಸು ಹತ್ತಿದರು. ಆದರೆ ಆ ಮಾತಿನಲ್ಲಿ ನಾನು ಎಲ್ಲಿದ್ದೇನೆ ಎಂದು ಹುಡುಕಿ ನೋಡಿ. ದೇಹ ನನ್ನದು, ತಾರೀಖು ಮದುವೆಯದು, ತೊಂದರೆ ಆಗಬಾರದ್ದು ಗಂಡನಿಗೆ. ಇನ್ನೂ ಯಾರೆಂದೇ ಗೊತ್ತಿಲ್ಲದ ಒಬ್ಬ ಗಂಡಸು ಆ ಕೋಣೆಯೊಳಗೆ ಬಂದು ನನಗಿಂತ ದೊಡ್ಡ ಕುರ್ಚಿಯಲ್ಲಿ ಕೂತಿದ್ದ.

ಇರುವ ದಾರಿಗಳೇನು ಎನ್ನುವುದನ್ನೂ ಆವತ್ತು ಹೇಳಲಿಲ್ಲ. ದಾರಿಗಳು ಹಲವು. 1938ರಲ್ಲಿ ರಾಬರ್ಟ್ ಫ್ರಾಂಕ್ ಎಂಬ ವೈದ್ಯರು ಶಸ್ತ್ರಚಿಕಿತ್ಸೆಯೇ ಇಲ್ಲದ ವಿಧಾನ ವಿವರಿಸಿದರು. ನಯವಾದ ಡೈಲೇಟರನ್ನು ದಿನವೂ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಗಾತ್ರ ಹೆಚ್ಚಿಸುತ್ತಾ ಹೋದರೆ ತಿಂಗಳುಗಳಲ್ಲಿ ಅಲ್ಲಿನ ಚರ್ಮವೇ ಹಿಗ್ಗಿ ಯೋನಿ ರೂಪುಗೊಳ್ಳುತ್ತದೆ. ಅದೇ 1938ರಲ್ಲಿ ಆರ್ಚಿಬಾಲ್ಡ್ ಮ್ಯಾಕಿಂಡೋ ತೊಡೆಯ ಕಡೆಯಿಂದ ಚರ್ಮ ತೆಗೆದು ಕಸಿ ಮಾಡುವ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದರು. ಇವಲ್ಲದೆ ಕರುಳಿನ ತುಂಡು ಬಳಸುವುದು, ಹೊಟ್ಟೆಯೊಳಪದರ ಬಳಸುವುದು, ದಾರ ಕಟ್ಟಿ ಮೇಲಕ್ಕೆಳೆಯುವ ವೆಕ್ಕಿಯೆಟ್ಟಿ ವಿಧಾನ ಎಲ್ಲವೂ ಇವೆ. ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು 2018ರಲ್ಲಿ ಹೊರಡಿಸಿದ ಮಾರ್ಗದರ್ಶನದಲ್ಲಿ ಮೊದಲ ಆಯ್ಕೆ ಡೈಲೇಟರ್. ಸರಿಯಾದ ಮಾರ್ಗದರ್ಶನವಿದ್ದರೆ 90ಕ್ಕೂ ಹೆಚ್ಚು ಶೇಕಡಾ ಮಂದಿಗೆ ಅಷ್ಟೇ ಸಾಕಾಗುತ್ತದೆ. ಯಾವಾಗ ಶುರು ಮಾಡಬೇಕು ಎನ್ನುವುದನ್ನು ಆ ಹುಡುಗಿಯ ಮನಸ್ಸು, ಅವಳ ಬಯಕೆ ತೀರ್ಮಾನಿಸಬೇಕು. ಆಪ್ತಸಮಾಲೋಚನೆ ಚಿಕಿತ್ಸೆಯ ಭಾಗವಾಗಿರಬೇಕು ಎಂಬುದೂ ಅದೇ ಮಾರ್ಗದರ್ಶನದಲ್ಲಿದೆ. ಅದರಲ್ಲಿ ಮುಹೂರ್ತದ ಪ್ರಸ್ತಾಪ ಎಲ್ಲೂ ಇಲ್ಲ.

ನನಗೆ 23ರಲ್ಲಿ ಸಂಬಂಧ ಗೊತ್ತಾಯಿತು. ಮೂರು ತಿಂಗಳ ಮುಂಚೆ ಆಪರೇಷನ್ ಆಯಿತು, ಚರ್ಮದ ಕಸಿ. ತೊಡೆಯ ಮೇಲೆ ಅಂಗೈಯಗಲದ ಗುರುತು ಇವತ್ತಿಗೂ ಇದೆ. ಕಸಿ ಮಾಡಿದ ಜಾಗ ಕುಗ್ಗದಂತೆ ಒಳಗೆ ಮೋಲ್ಡ್ ಇಟ್ಟುಕೊಳ್ಳಬೇಕು, ತಿಂಗಳುಗಟ್ಟಲೆ. ಎಷ್ಟು ದಿನ ಎಂದು ಕೇಳಿದ್ದಕ್ಕೆ ಬಂದ ಉತ್ತರ: “ಮದುವೆ ಆಗುತ್ತಲ್ಲ, ಆಮೇಲೆ ಇದರ ಅಗತ್ಯ ಬೀಳಲ್ಲ.” ನಿಯಮಿತ ಸಂಭೋಗವಿದ್ದರೆ ಮೋಲ್ಡ್ ಬೇಡ ಎನ್ನುವುದು ವೈದ್ಯಶಾಸ್ತ್ರದಲ್ಲಿ ನಿಜವೇ. ಆದರೆ ಅದನ್ನು ಒಬ್ಬ ಹೆಣ್ಣುಮಗಳು ಕೇಳಿಸಿಕೊಳ್ಳುವ ಬಗೆ ಹೇಗಿರುತ್ತದೆ? ಗಂಡನೆಂದರೆ ಜೀವವಿರುವ ಮೋಲ್ಡ್. ಅವನನ್ನು ಬೇಡ ಅನ್ನುವ ರಾತ್ರಿಗಳು ಚಿಕಿತ್ಸೆಗೆ ಮಾಡುವ ದ್ರೋಹ. ಬೇಡ ಅನ್ನುವ ಹಕ್ಕನ್ನು ಕಿತ್ತುಕೊಂಡು ಕೊಡುವ ಲೈಂಗಿಕ ಸಾಮರ್ಥ್ಯಕ್ಕೆ ಆರೋಗ್ಯ ಎಂದು ಹೆಸರಿಡಬಹುದೇ?

ಮನೆಯವರ ಲೆಕ್ಕದಲ್ಲಿ ಹುಡುಗನ ಕಡೆಯವರಿಗೆ ಏನೂ ಹೇಳುವಂತಿರಲಿಲ್ಲ. ನಾನು ಹುಡುಗನಿಗೆ ಹೇಳಿದೆ. ಸಂಬಂಧ ಮುರಿಯಿತು. ಅದರ ಬಗ್ಗೆ ನನಗೆ ಸಿಟ್ಟಿಲ್ಲ, ಅವನಿಗೆ ತನ್ನ ತೀರ್ಮಾನ ಮಾಡುವ ಹಕ್ಕಿತ್ತು. ಸಿಟ್ಟಿರುವುದು ಅದಾದ ಮೇಲಿನ ತಪಾಸಣೆಯ ಬಗ್ಗೆ. ಮದುವೆ ನಿಂತಿತು ಎಂದು ಕೇಳಿ ವೈದ್ಯರು ಬೇಸರಪಟ್ಟುಕೊಂಡರು. ನೋವಿದೆಯೇ ಎಂದು ಕೇಳಲಿಲ್ಲ. ಮೋಲ್ಡ್ ಮುಂದುವರಿಸಬೇಕೋ ಬೇಡವೋ ಎಂದು ನಾನೇ ಕೇಳಿದಾಗ, “ನೋಡೋಣ, ಮುಂದೆ ಸಂಬಂಧ ಬಂದಾಗ” ಎಂದರು. ಗಂಡ ಇಲ್ಲವೆಂದಾದ ಮೇಲೆ ಆ ಅಂಗಕ್ಕೆ ವಾರಸುದಾರರೇ ಇರಲಿಲ್ಲ. ನನ್ನ ಡಿಸ್ಚಾರ್ಜ್ ಸಮ್ಮರಿಯಲ್ಲಿ ಆಳ ಎಷ್ಟು ಸೆಂಟಿಮೀಟರ್ ಎಂದಿದೆ, ಅಗಲ ಎರಡು ಬೆರಳು ಎಂದಿದೆ, ಫಲಿತಾಂಶ ತೃಪ್ತಿಕರ ಎಂದಿದೆ. ತೃಪ್ತಿಯಾದದ್ದು ಯಾರಿಗೆ ಎಂದು ಬರೆದಿಲ್ಲ.

ಸೆಂಟಿಮೀಟರಿನ ಈ ಮೋಹ ನಮ್ಮ ಊರಿನದಷ್ಟೇ ಅಲ್ಲ. ದಶಕಗಳ ಕಾಲ ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ಯಶಸ್ಸೆಂದರೆ ಉದ್ದಳತೆ, ಮತ್ತೆ ‘ಸಂಭೋಗ ಸಾಧ್ಯ’ ಎಂಬ ಒಂದು ಸಾಲು. 2000ದಲ್ಲಿ ಹೆಂಗಸರ ಲೈಂಗಿಕ ಸ್ಥಿತಿ ಅಳೆಯಲು 19 ಪ್ರಶ್ನೆಗಳ ಒಂದು ಪ್ರಶ್ನಾವಳಿ ಬಂತು, ಎಫ್‌ಎಸ್‌ಎಫ್‌ಐ ಎಂದು. ಬಯಕೆ, ಉದ್ರೇಕ, ತೇವ, ಸುಖದ ತುದಿ, ತೃಪ್ತಿ, ನೋವು ಎಂಬ ಆರು ವಿಭಾಗ. ಅದನ್ನು ನಮ್ಮಂಥವರ ಕೈಗೆ ಕೊಟ್ಟಾಗ ಬೇರೆ ಕಥೆ ಹೊರಬಿತ್ತು. ಅಳತೆ ಸರಿಯಿದ್ದವರಲ್ಲೂ ನೋವಿತ್ತು, ಒಣಗಿದ ಅನುಭವವಿತ್ತು, ತನ್ನ ಮೈ ತನ್ನದಲ್ಲ ಎಂಬ ಭಾವವಿತ್ತು. ಉದ್ದ ಹೆಚ್ಚಾದಷ್ಟೂ ತೃಪ್ತಿ ಹೆಚ್ಚುತ್ತದೆ ಎಂಬ ನಂಬಿಕೆ ನಿಲ್ಲಲಿಲ್ಲ. ಆ ಪ್ರಶ್ನಾವಳಿಯೂ ನಿರ್ದೋಷಿಯಲ್ಲ. ಅದು ಕೇಳುವುದು ಕಳೆದ ನಾಲ್ಕು ವಾರದ ಬಗ್ಗೆ. ಆ ನಾಲ್ಕು ವಾರದಲ್ಲಿ ಲೈಂಗಿಕ ಚಟುವಟಿಕೆ ಇಲ್ಲದವಳಿಗೆ ಹಲವು ಪ್ರಶ್ನೆಗಳಿಗೆ ಸೊನ್ನೆ ಅಂಕ. ಹೆದರಿಕೆಯಿಂದ ದೂರ ನಿಂತವಳೂ, ತನ್ನಿಷ್ಟದಿಂದ ಒಬ್ಬಳೇ ಇರುವವಳೂ ಆ ಕಾಗದದ ಮೇಲೆ ಒಂದೇ. ಆದರೂ ಹೆಣ್ಣನ್ನೇ ಕೇಳಬೇಕು ಎಂಬುದನ್ನಾದರೂ ಅದು ಒಪ್ಪಿಕೊಂಡಿತು.

ಕಾನೂನಿನ ಅಳತೆಗೋಲು ನೋಡಿ. 1845ರಲ್ಲಿ ಇಂಗ್ಲೆಂಡಿನ ಚರ್ಚ್ ನ್ಯಾಯಾಲಯದ ಮುಂದೆ ಒಂದು ಪ್ರಕರಣ ಬಂತು. ಹೆಂಡತಿಗೆ ಗರ್ಭಕೋಶವಿಲ್ಲ, ಯೋನಿ ಪೂರ್ಣವಾಗಿಲ್ಲ. ನ್ಯಾಯಾಧೀಶ ಲಷಿಂಗ್ಟನ್ ಹೇಳಿದ್ದರ ಸಾರ ಇಷ್ಟು: ಮಕ್ಕಳಾಗದಿರುವುದು ಮದುವೆ ರದ್ದು ಮಾಡಲು ಕಾರಣವಲ್ಲ, ಆದರೆ ಗಂಡನಿಗೆ ಸಹಜ ಸಮಾಗಮ ಸಿಗದಿದ್ದರೆ ಅದು ಕಾರಣ. ಮದುವೆ ರದ್ದಾಯಿತು. ಆ ಹೆಂಗಸಿನ ಹೆಸರು ದಾಖಲೆಯಲ್ಲಿ ಬರೀ ಅಕ್ಷರಗಳಲ್ಲಿದೆ. ಅವಳಿಗೆ ಏನನ್ನಿಸುತ್ತಿತ್ತು ಎಂಬುದು ಅಲ್ಲಿನ ಪ್ರಶ್ನೆಯೇ ಆಗಿರಲಿಲ್ಲ. ಶಸ್ತ್ರಚಿಕಿತ್ಸೆಯಿಂದ ರೂಪಿಸಿದ ಯೋನಿಯಲ್ಲಿ ನಡೆಯುವ ಸಮಾಗಮವೂ ಸಮಾಗಮವೇ ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ ಒಪ್ಪಿದ್ದು ನೂರು ವರ್ಷ ಕಳೆದ ಮೇಲೆ, 1960ರ ದಶಕದ ಮೊದಲಲ್ಲಿ. ನಮ್ಮ 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಕಲಮೂ ಅದೇ ಮನೆತನದ್ದು. ಸಂಗಾತಿಯ ನಪುಂಸಕತ್ವದಿಂದ ಸಮಾಗಮ ನಡೆಯದಿದ್ದರೆ ಮದುವೆಯನ್ನು ರದ್ದು ಮಾಡಿಸಬಹುದು. ಈ ಕಲಮು ಹೆಂಡತಿಗೂ ಸಿಗುತ್ತದೆ ಎನ್ನುವುದು ನಿಜ. ಆದರೆ ಇಬ್ಬರಲ್ಲಿ ಯಾರು ಕೇಳಿದರೂ ನ್ಯಾಯಾಲಯ ನೋಡುವುದು ಆಯಿತೋ ಇಲ್ಲವೋ ಎಂಬುದನ್ನು. ನೋವಿತ್ತೇ, ಇಷ್ಟವಿತ್ತೇ ಎಂಬುದು ಆ ಅಳತೆಗೋಲಿನ ಮೇಲೆ ಗುರುತಾಗಿಲ್ಲ.

ಮುಚ್ಚಿಟ್ಟು ಮದುವೆ ಮಾಡಿ ಎನ್ನುವ ಹಿರಿಯರು ಅದೇ ಕಲಮಿನ ಇನ್ನೊಂದು ಭಾಗವನ್ನೂ ಓದಿಕೊಂಡರೆ ಒಳ್ಳೆಯದು. ಮುಖ್ಯವಾದ ಸಂಗತಿಯನ್ನು ಮರೆಮಾಚಿ ಮೋಸದಿಂದ ಒಪ್ಪಿಗೆ ಪಡೆದಿದ್ದರೆ ಅದೂ ಮದುವೆ ರದ್ದಾಗಲು ಕಾರಣ. ಕೋರ್ಟಿನ ಭಯ ಪಕ್ಕಕ್ಕಿರಲಿ. ಹಾಸಿಗೆಯಲ್ಲಿ ಒಂದು ಗುಟ್ಟನ್ನು ಕಾಯುತ್ತಾ ಮಲಗಿದವಳಿಗೆ ಮೈ ಸಡಿಲ ಬಿಡುವುದು ಹೇಗೆ ಸಾಧ್ಯ? ಗಂಡನಿಗೆ ತಿಳಿದುಬಿಟ್ಟೀತು ಎಂದು ಸ್ನಾಯುಗಳೆಲ್ಲ ಬಿಗಿಹಿಡಿದು ಕೂತಾಗ ಎಷ್ಟು ಸೆಂಟಿಮೀಟರ್ ಇದ್ದು ಏನು ಪ್ರಯೋಜನ?

ಇನ್ನು ಭಾಷೆ. ಇದನ್ನು ಓದುತ್ತಿರುವ ನೀವು ಸಾಹಿತ್ಯದ ವಿದ್ಯಾರ್ಥಿಗಳು, ಆದ್ದರಿಂದ ನಿಮ್ಮ ಹತ್ತಿರ ಈ ಮಾತು ಸ್ವಲ್ಪ ಜೋರಾಗಿಯೇ ಆಡುತ್ತೇನೆ. ನಮ್ಮ ಪಠ್ಯಪುಸ್ತಕಗಳಲ್ಲಿ ಆ ಅಂಗದ ಹೆಸರು ‘ಜನನಾಂಗ’. ಜನನ ಕೊಡುವ ಅಂಗ. ಜನನ ಕೊಡಲಾರದ ನನ್ನದು ಹಾಗಾದರೆ ಯಾವ ಅಂಗ? ‘ಗುಪ್ತಾಂಗ’ ಎನ್ನುವುದು ಇನ್ನೊಂದು ಹೆಸರು. ನನ್ನ ವಿಷಯದಲ್ಲಿ ಅದು ಒಡತಿಗೇ ಗುಪ್ತವಾಗಿತ್ತು. ‘ಬಂಜೆ’ ಎಂಬ ಪದ ಹೆಣ್ಣಿಗೆ ಎಷ್ಟು ಸಲೀಸಾಗಿ ಅಂಟುತ್ತದೋ ಅಷ್ಟೇ ಸಲೀಸಾಗಿ ಗಂಡಿಗೆ ಅಂಟುವ ಆಡುಮಾತು ನಮ್ಮಲ್ಲಿಲ್ಲ. ನಮ್ಮ ಎಷ್ಟೋ ಕಥೆಗಳಲ್ಲಿ ಮಕ್ಕಳಾಗದ ಹೆಂಗಸು ಕಣ್ಣೀರಿಡುತ್ತಾಳೆ, ತ್ಯಾಗ ಮಾಡುತ್ತಾಳೆ, ಗಂಡನಿಗೆ ಎರಡನೇ ಮದುವೆ ಮಾಡಿಸುತ್ತಾಳೆ, ಇಲ್ಲವೇ ಕೆರೆಗೆ ಹಾರುತ್ತಾಳೆ. ಆಸೆಪಡುವುದಿಲ್ಲ. ಮಕ್ಕಳಾಗದವಳ ಆಸೆ ಎಂದರೆ ಮಗುವಿನ ಆಸೆ ಮಾತ್ರ ಎಂದು ಬರೆದವರೂ ಓದಿದವರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಅನುಪಮಾ ನಿರಂಜನ ಅವರಂಥ ವೈದ್ಯೆ-ಲೇಖಕಿ ದಶಕಗಳ ಹಿಂದೆಯೇ ಹೆಣ್ಣಿನ ದೇಹದ ಬಗ್ಗೆ, ದಾಂಪತ್ಯದ ಬಗ್ಗೆ ಸಾಮಾನ್ಯ ಓದುಗರಿಗಾಗಿ ಕನ್ನಡದಲ್ಲಿ ನೇರವಾಗಿ ಬರೆದರು. ಮುಂದಿನ ತಲೆಮಾರಿನವರು ನಾವು ಅದನ್ನು ಇನ್ನೂ ಮುಂದಕ್ಕೆ ಒಯ್ಯಬೇಕಿತ್ತು, ಆದರೆ ಇಂಗ್ಲಿಷಿನ ಹಿಂದೆ ಅಡಗಿಕೊಂಡೆವು. ಕನ್ನಡದಲ್ಲಿ ಹೇಳಿದರೆ ಅಶ್ಲೀಲ, ಇಂಗ್ಲಿಷಿನಲ್ಲಿ ಹೇಳಿದರೆ ವಿಜ್ಞಾನ ಎಂಬ ಈ ನಾಚಿಕೆಯ ಬೆಲೆ ತೆರುವವಳು ಇಂಗ್ಲಿಷ್ ಬಾರದ ಹುಡುಗಿ.

ನಮ್ಮ ಬಗ್ಗೆ ಸುದ್ದಿಯೇ ಬರುವುದಿಲ್ಲ ಎಂದಲ್ಲ. 2014ರಲ್ಲಿ ಸ್ವೀಡನ್ನಿನಲ್ಲಿ ಕಸಿ ಮಾಡಿದ ಗರ್ಭಕೋಶದಿಂದ ಜಗತ್ತಿನ ಮೊದಲ ಮಗು ಹುಟ್ಟಿತು. ತಾಯಿ ಎಂಆರ್‌ಕೆಎಚ್ ಇರುವವಳು. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಇದೇ ಸ್ಥಿತಿಯ ಮಹಿಳೆಯೊಬ್ಬರಿಗೆ ದಾನಿಯ ಅಂಡಾಣು ಬಳಸಿ ಬಾಡಿಗೆ ತಾಯ್ತನದ ಮೂಲಕ ಮಗು ಪಡೆಯಲು ದಾರಿ ಮಾಡಿಕೊಟ್ಟಿತು. ಮುಂದಿನ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮವನ್ನೇ ತಿದ್ದಿತು. ಎರಡೂ ಸಂತೋಷದ ಸುದ್ದಿ. ಆದರೂ 2021ರ ಬಾಡಿಗೆ ತಾಯ್ತನ ಕಾಯ್ದೆಯ ಬಾಗಿಲು ಮದುವೆಯಾದ ದಂಪತಿಗೆ, ವಿಧವೆಗೆ, ವಿಚ್ಛೇದಿತೆಗೆ ತೆರೆಯುತ್ತದೆ; ಮದುವೆಯೇ ಆಗದವಳಿಗೆ ತೆರೆಯುವುದಿಲ್ಲ. ಇಲ್ಲೂ ಮದುವೆಯೇ ಬೀಗದ ಕೈ. ಇನ್ನೂ ಒಂದು ಸಂಗತಿ ಗಮನಿಸಿ. ನಮ್ಮ ಬಗ್ಗೆ ಮರುಕ ಹುಟ್ಟುವುದು ತಾಯ್ತನದ ಮಾತು ಬಂದಾಗ. ತಾಯಿಯಾಗಲು ಹಂಬಲಿಸುವವಳು ಪತ್ರಿಕೆಯ ಮುಖಪುಟಕ್ಕೆ ಸಲ್ಲುತ್ತಾಳೆ. ನೋವಿಲ್ಲದೆ, ಹೆದರಿಕೆಯಿಲ್ಲದೆ ಒಬ್ಬರ ಜೊತೆ ಮಲಗಲು ಹಂಬಲಿಸುವವಳು ಎಲ್ಲಿಗೂ ಸಲ್ಲುವುದಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ವೈದ್ಯರು ಹೇಳುತ್ತಾರೆ: ‘ಒಪಿಡಿಯಲ್ಲಿ ನೂರು ಜನ ಕಾದಿರುತ್ತಾರೆ, ಸುಖದ ಬಗ್ಗೆ ಮಾತಾಡಲು ಪುರುಸೊತ್ತೆಲ್ಲಿದೆ?’ ಸರಿ, ನೀವೇ ಮಾತಾಡಬೇಡಿ. ಒಬ್ಬ ನರ್ಸಿಗೆ ತರಬೇತಿ ಕೊಡಿ. ಕನ್ನಡದಲ್ಲಿ ನಾಲ್ಕು ಪುಟದ ಕರಪತ್ರ ಅಚ್ಚು ಹಾಕಿಸಿ. ಗಂಟೆಗಟ್ಟಲೆ ಆಪರೇಷನ್ ಮಾಡಲು ಬಿಡುವಿದ್ದ ವ್ಯವಸ್ಥೆಗೆ ‘ನೋವಿದೆಯಾ?’ ಎಂದು ಕೇಳಲು ಬಿಡುವಿಲ್ಲ ಎಂದರೆ ನಾನು ನಂಬುವುದಿಲ್ಲ.

ತಾಯಂದಿರು ಹೇಳುತ್ತಾರೆ: ‘ಮದುವೆ ಇಲ್ಲದೆ ಹೆಣ್ಣುಮಗಳು ಹೇಗೆ ಬದುಕ್ತಾಳೆ? ನಾವು ಸತ್ತ ಮೇಲೆ ಅವಳಿಗೆ ಯಾರು?’ ಈ ಭಯ ಸುಳ್ಳಲ್ಲ. ನನ್ನ ಅಮ್ಮ ಅದೇ ಭಯದಲ್ಲಿ ತನ್ನ ಬಳೆ ಅಡವಿಟ್ಟು ಆಪರೇಷನ್ ಮಾಡಿಸಿದರು. ಆದರೆ ಅಮ್ಮಂದಿರೇ, ಆ ಭಯಕ್ಕೆ ಮದ್ದು ಓದು, ಕೆಲಸ, ಅವಳ ಹೆಸರಿನಲ್ಲೊಂದು ಮನೆ. ಅವಳ ತೊಡೆಯ ಚರ್ಮದಿಂದ ಆ ಭಯಕ್ಕೆ ತೇಪೆ ಹಾಕಲಾಗುವುದಿಲ್ಲ.

ಮೂರನೆಯ ಆಕ್ಷೇಪ ನನ್ನದೇ ಬಳಗದ ಗೆಳತಿಯರಿಂದ. ‘ಚಿಕಿತ್ಸೆಯೇ ಯಾಕೆ ಬೇಕು? ಸಂಭೋಗ ಒಂದೇ ಲೈಂಗಿಕತೆ ಅನ್ನುವುದು ಗಂಡಸರ ಕಲ್ಪನೆ ಅಲ್ಲವಾ?’ ಅರ್ಧ ಒಪ್ಪುತ್ತೇನೆ. ಚಿಕಿತ್ಸೆ ಬೇಡ ಎಂದು ನೆಮ್ಮದಿಯಾಗಿರುವವರಿದ್ದಾರೆ, ಅವರನ್ನು ಯಾರೂ ಒತ್ತಾಯಿಸಬಾರದು. ಆದರೆ ನನಗೆ ಬೇಕಿತ್ತು. ಯಾವ ಗಂಡಸಿಗೋಸ್ಕರವೂ ಅಲ್ಲದೆ, ನನ್ನ ಮೈಯೊಳಗೆ ಒಂದು ಜಾಗ ನನಗೇ ಬೇಕಿತ್ತು. ಗಂಡನಿಗಾಗಿ ಮಾಡಿಸಿಕೋ ಎನ್ನುವವರೂ, ಗಂಡಸರ ಕಲ್ಪನೆ ಎಂದು ಬಿಟ್ಟುಬಿಡು ಎನ್ನುವವರೂ ನನ್ನ ಬಯಕೆಯನ್ನು ನನ್ನ ಪರವಾಗಿ ತಾವೇ ತೀರ್ಮಾನಿಸುತ್ತಿದ್ದಾರೆ.

29ರಲ್ಲಿ ಬೇರೆ ಊರಿನ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರು ಅಮ್ಮನನ್ನು ಹೊರಗೆ ಕೂರಿಸಿ ನನ್ನನ್ನು ಕೇಳಿದರು: “ನಿಮಗೆ ಏನು ಬೇಕು?” ಉತ್ತರ ಹೇಳಲು ನನಗೆ ಎರಡು ಭೇಟಿ ಬೇಕಾಯಿತು. ಚರ್ಮದ ಕಸಿಯಿಂದಾದ ಯೋನಿ ತಾನಾಗಿ ತೇವವಾಗುವುದಿಲ್ಲ, ಜೆಲ್ ಬಳಸಬೇಕು ಎಂದು ತಿಳಿದದ್ದು ಅಲ್ಲಿ. ನೋವು ಬರುತ್ತಿದ್ದುದು ಜಾಗ ಸಾಲದೆ ಅಲ್ಲ, ಹೆದರಿ ಬಿಗಿಯಾದ ಸ್ನಾಯುಗಳಿಂದ ಎಂದು ತಿಳಿದದ್ದು ಅಲ್ಲಿ. ಬಿಗಿ ಮಾಡುವ ವ್ಯಾಯಾಮವನ್ನು ಎಲ್ಲರೂ ಹೇಳಿಕೊಡುತ್ತಾರೆ. ಸಡಿಲ ಬಿಡುವುದನ್ನು ಕಲಿಸಿದವರು ಇವರು. ಕನ್ನಡಿ ಹಿಡಿದು ನನ್ನನ್ನು ನಾನು ಮೊದಲ ಸಲ ಸರಿಯಾಗಿ ನೋಡಿಕೊಂಡದ್ದೂ ಆಗಲೇ. ಬಸಿರಾಗುವ ಭಯವಿಲ್ಲದಿದ್ದರೂ ಸೋಂಕಿನಿಂದ ರಕ್ಷಣೆಗೆ ಕಾಂಡೋಮ್ ಬೇಕೇ ಬೇಕು ಎನ್ನುವ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ. ಗಂಡನೊಬ್ಬನೇ ಬರುವ ಬದುಕಿಗೆ ಆ ಎಚ್ಚರಿಕೆ ಬೇಡ ಅಂದುಕೊಂಡಿದ್ದಿರಬೇಕು.

ಈಗ ಓದುಗರಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರುತ್ತದೆ: ‘ಕೊನೆಗೆ ಮದುವೆಯಾಯಿತಾ? ಯಾರಾದರೂ ಸಿಕ್ಕರಾ?’ ಅದಕ್ಕೆ ಉತ್ತರ ಹೇಳುವುದಿಲ್ಲ. ಹೇಳಿದರೆ ನನ್ನ ಚಿಕಿತ್ಸೆ ಗೆದ್ದಿತೋ ಸೋತಿತೋ ಎಂದು ನೀವೂ ಅದೇ ಅಳತೆಗೋಲು ಹಿಡಿದು ನೋಡುತ್ತೀರಿ. ನನಗೆ ನೋವಿಲ್ಲ, ನನ್ನ ಮೈಯ ಬಗ್ಗೆ ನನಗೆ ಹೆದರಿಕೆಯಿಲ್ಲ, ಸುಖ ಎಂದರೇನೆಂದು ಗೊತ್ತು. ಫಲಿತಾಂಶದ ಸಾಲಿನಲ್ಲಿ ಬರೆಯಬೇಕಾದದ್ದು ಇಷ್ಟು.

ನಾನು ಕೇಳುವುದು ದೊಡ್ಡದೇನಲ್ಲ. ಈ ವಿಷಯ ತಿಳಿಸುವಾಗ ಹುಡುಗಿಯ ಜೊತೆ ಒಬ್ಬಳೇ ಇದ್ದಾಗಲೂ ಒಂದು ಸಲ ಮಾತಾಡಿ. ಇಲ್ಲದ್ದರ ಜೊತೆ ಇರುವುದನ್ನೂ ಹೇಳಿ. ಎಲ್ಲ ದಾರಿಗಳನ್ನೂ, ಏನೂ ಮಾಡಿಸದಿರುವ ದಾರಿಯನ್ನೂ ಸೇರಿಸಿ, ಅವಳ ಮುಂದಿಡಿ. ತಾರೀಖನ್ನು ಅವಳು ಹೇಳಲಿ, ಪುರೋಹಿತರಲ್ಲ. ಆಪರೇಷನ್ ಮಾಡಿದ ವರ್ಷಗಳ ನಂತರವೂ ಕರೆದು ನೋವು, ಬಯಕೆ, ಸುಖದ ಬಗ್ಗೆ ಕೇಳಿ, ಅವಳಿಗೆ ಗಂಡನಿರಲಿ ಇಲ್ಲದಿರಲಿ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಲೈಂಗಿಕ ಆರೋಗ್ಯದ ವಿವರಣೆಯಲ್ಲಿ, ರೋಗವಿಲ್ಲದಿರುವುದಷ್ಟೇ ಸಾಲದು, ಒತ್ತಾಯವಿಲ್ಲದ, ಸುರಕ್ಷಿತವಾದ, ಸುಖ ಕೊಡುವ ಅನುಭವದ ಸಾಧ್ಯತೆಯೂ ಇರಬೇಕು ಎಂದಿದೆ. ‘ಸುಖ’ ಎಂಬ ಪದವನ್ನು ಜಿನೀವಾದಲ್ಲಿ ಕೂತವರು ಬರೆಯಬಹುದಾದರೆ ನಮ್ಮ ಜಿಲ್ಲಾಸ್ಪತ್ರೆಯ ಕೇಸ್ ಶೀಟಿನಲ್ಲೂ ಬರೆಯಬಹುದು.

ಕೊನೆಯ ಮಾತು ಇದನ್ನು ಮೊಬೈಲಿನಲ್ಲಿ ಕದ್ದು ಓದುತ್ತಿರಬಹುದಾದ 17ರ ತಂಗಿಗೆ. ನೀನು ಒಬ್ಬಳೇ ಅಲ್ಲ. ನಿನ್ನ ಮೈಯಲ್ಲಿ ಸುಖಕ್ಕೆ ಬೇಕಾದದ್ದೆಲ್ಲ ಇದೆ. ಚಿಕಿತ್ಸೆ ಬೇಕೆನಿಸಿದರೆ ಕತ್ತರಿ ಹಿಡಿಯದ ದಾರಿಯೂ ಇದೆಯಾ ಎಂದು ಕೇಳು, ಕೇಳಿ ಬರೆಸಿಕೋ. ಯಾರ ಮದುವೆಯ ತಾರೀಖೂ ನಿನ್ನ ಮೈಯ ತಾರೀಖಲ್ಲ. ಮತ್ತೆ, ಯಾರು ಏನೇ ಅನ್ನಲಿ, ನೀನು ದೊಡ್ಡವಳಾಗಿದ್ದೀಯ.